ಚಾತಕ ಪಕ್ಷಿಯ ದರ್ಶನ

ದೊಡ್ಡವರು ಒಂದನ್ನು ತೋರಿಸಬೇಕೆಂದು ಮಕ್ಕಳನ್ನು ಕರೆದುಕೊಂಡು ಹೋಗುತ್ತಾರೆ. ಮಕ್ಕಳು ಬೇರೊಂದನ್ನು ನೋಡಿಕೊಂಡು ಬರುತ್ತಾರೆ. ಮನೆಯಲ್ಲಿ ಮಕ್ಕಳಿರುವ ವಾಚಕರೆಲ್ಲರಿಗೂ ಇದು ಗೊತ್ತಿರುವ ಸಂಗತಿಯೇ. ಈ ಸಲದ ಮುಂಗಾರಿನ ಆರಂಭದಲ್ಲಿ ನಮ್ಮ ಮನೆಯಲ್ಲಿಯೂ ಹಾಗೆಯೇ ಆಯಿತು. ಹುಲಿಯನ್ನು ತೋರಿಸುತ್ತೇನೆಂದು ಮಗನು ನಮ್ಮೆಲ್ಲರನ್ನೂ ಕಾಡಿಗೆ ಕರೆದುಕೊಂಡು ಹೋದನು. ಹುಲಿಯು ಕಾಣಲಿಲ್ಲ. ಆದರೆ ಒಂಬತ್ತು ವರ್ಷದ ಮೊಮ್ಮಗಳು ನನಗೆ ಒಂದು ಹಕ್ಕಿಯನ್ನು ತೋರಿಸಿದಳು. ಆ ಹಕ್ಕಿಯನ್ನು ಕಂಡಮೇಲೆ, ಇಪ್ಪತ್ತೈದು ವರ್ಷಗಳ ಹಿಂದೆ ನಾನು ಮಾಡಿದ ಒಂದು ತಪ್ಪು ನನಗೆ ಅರಿವಾಯಿತು. ಅದನ್ನು ಈ ತಿಂಗಳು ವಾಚಕರಲ್ಲಿ ಅರಿಕೆ ಮಾಡಿಕೊಳ್ಳುತ್ತೇನೆ.

ಮೊದಲು ತಪ್ಪಿನ ವಿಚಾರವನ್ನೇ ಹೇಳಿಬಿಡುವುದು ಮೇಲು. ಆಗ ನಾನು ಒಂದು ಹಳ್ಳಿಯ ಪ್ರೌಢಶಾಲೆಯಲ್ಲಿ ಸಂಸ್ಕೃತದ ಉಪಾಧ್ಯಾಯನಾಗಿದ್ದೆನು. ಒಂದು ದಿನ ಪಾಠದಲ್ಲಿ ಚಾತಕದ ಪ್ರಸ್ತಾಪವು ಬಂದಿತು. ಆ ಹಕ್ಕಿಯು ಕೆರೆ ಬಾವಿಗಳ ನೀರನ್ನು ಮುಟ್ಟದೆ ಮೇಘದ ಹನಿಗಾಗಿಯೇ ಬಾಯ್ದೆರೆದು ಕಾಯುವುದೆಂದೂ, ಆದಕಾರಣ ಮಾನವಂತರಿಗೆ ಉಪಮಾನವಾಯಿತೆಂದೂ, ಮೇಘದೂತದಲ್ಲಿ ಮೇಘವು ಹೊರಡುವಾಗ ಎಡಗಡೆಯಲ್ಲಿ ಚಾತಕವು ಕೂಗುವುದನ್ನು ಕಾಳಿದಾಸನು ಹೇಳಿರುವನೆಂದೂ ವಿಸ್ತಾರವಾಗಿ ವಿವರಿಸಿದೆನು. ನನ್ನ ಮಾತಿಗೆ ನಾನೇ ತಲೆದೂಗುತ್ತಿರುವಷ್ಟರಲ್ಲಿ ಹಿಂದಿನ ಬೆಂಚಿನಿಂದ ಒಬ್ಬ ಹುಡುಗನು ಎದ್ದು ನಿಂತನು. ಅವನು ಕುರಿ ಕಾಯುವವರ ಮನೆಯ ಹುಡುಗ. ಸಂಸ್ಕೃತದಲ್ಲಿ ಅವನಿಗೆ ಎಂದೂ ಒಳ್ಳೆಯ ಅಂಕಗಳು ಬಂದುದಿಲ್ಲ.

“ಸಾರ್, ಆ ಹಕ್ಕಿ ನೋಡೋಕೆ ಹೆಂಗಿರ್ತದೆ?” ಎಂದು ಕೇಳಿದನು.

“ಸಾರಂಗ, ಸ್ತೋಕಕ, ಚಾತಕ ಎಂದು ಅಮರಕೋಶದಲ್ಲಿ ಮೂರು ಹೆಸರುಗಳಿವೆ. ಬರೆದುಕೋ” ಎಂದೆನು.

“ಹೆಸರಲ್ಲ ಸಾರ್, ಹಕ್ಕಿ. ಮಳೆ ಬರೋ ಮುಂದೆ ನಮ್ಮ ಹೊಲದ ತಾವ ಒಂದು ಹಕ್ಕಿ ಕೂಗ್ತದೆ. ಮೈ ಕರ್ರಗೆ, ಹೊಟ್ಟೆ ಬೆಳ್ಳಗೆ, ತಲೆ ಮ್ಯಾಲೆ ಜುಟ್ಟು. ಅದೇನಾ ಸಾರ್?”

ತರಗತಿಯು ನಕ್ಕಿತು. ನನಗೆ ಕೋಪ ಬಂದಿತು. “ಅದೆಲ್ಲ ಕವಿಸಮಯ. ನಿಮ್ಮ ಹೊಲದಲ್ಲಿ ಸಿಕ್ಕುವ ಹಕ್ಕಿಯಲ್ಲ. ಕುಳಿತುಕೋ” ಎಂದು ಗದರಿಸಿದೆನು. ತರಗತಿಯು ಮತ್ತೊಮ್ಮೆ, ಇನ್ನೂ ಗಟ್ಟಿಯಾಗಿ, ನಕ್ಕಿತು. ಹುಡುಗನು ಕುಳಿತುಕೊಂಡನು. ಆ ವರ್ಷದಲ್ಲಿ ಅವನು ನನ್ನನ್ನು ಮತ್ತೊಂದು ಪ್ರಶ್ನೆಯನ್ನು ಕೇಳಲಿಲ್ಲ. ಆಗ ಅದನ್ನು ನಾನು ಶಿಸ್ತು ಎಂದು ಭಾವಿಸಿದ್ದೆನು.

ಇನ್ನು ಕಾಡಿನ ವಿಚಾರ. ನಾವು ಮೈಸೂರಿನಿಂದ ಹೆಗ್ಗಡದೇವನಕೋಟೆಯ ಮಾರ್ಗವಾಗಿ ಕಬಿನಿಯ ದಡದ ನಾಗರಹೊಳೆಯ ಅರಣ್ಯಕ್ಕೆ ಹೋದೆವು. ಅರಣ್ಯ ಇಲಾಖೆಯ ವಾಹನದಲ್ಲಿ ಕುಳಿತು ಕಾಡನ್ನು ಸುತ್ತಿ ಬರುವುದಕ್ಕೆ ಈಗ ಎಲ್ಲರೂ ‘ಸಫಾರಿ’ ಎನ್ನುತ್ತಾರೆ. ಇದು ಪೂರ್ವ ಆಫ್ರಿಕದ ಸ್ವಾಹಿಲಿ ಭಾಷೆಯ ಮಾತು, ಮೂಲವು ಅರಬ್ಬಿ. ಪ್ರಯಾಣಕ್ಕೆ ಉರ್ದುವಿನಲ್ಲಿ ‘ಸಫರ್’ ಎನ್ನುವರಷ್ಟೆ, ಅದೂ ಆ ಮೂಲದ್ದೇ. ಮಾತಿನ ಅರ್ಥವು ಪ್ರಯಾಣವೆಂದು ಮಾತ್ರವೇ ಹೊರತು ಹುಲಿಯ ಸುದ್ದಿಯು ಅದರಲ್ಲಿಲ್ಲ. ಆದರೆ ನಮ್ಮ ವಾಹನದಲ್ಲಿದ್ದ ಇಪ್ಪತ್ತು ಮಂದಿಯಲ್ಲಿ ಹತ್ತೊಂಬತ್ತು ಮಂದಿಗೆ ಹುಲಿಯೊಂದೇ ಧ್ಯಾನವಾಗಿದ್ದಿತು. ಮೊಮ್ಮಗಳೊಬ್ಬಳು ಮಾತ್ರ ತಂದೆಯ ದುರ್ಬೀನನ್ನು ಕೊರಳಿಗೆ ಹಾಕಿಕೊಂಡು, ಒಂದು ಸಣ್ಣ ನೋಟುಬುಕ್ಕನ್ನು ತೊಡೆಯ ಮೇಲೆ ಇಟ್ಟುಕೊಂಡು, ಕಂಡಕಂಡ ಹಕ್ಕಿಯ ಹೆಸರನ್ನು ಬರೆಯುತ್ತ ಕುಳಿತಿದ್ದಳು.

ಈ ಪ್ರದೇಶಕ್ಕೆ ಸಾಹಸದ ಕೀರ್ತಿಯು ಹೊಸದಲ್ಲ. ಕಾಕನಕೋಟೆಯ ಖೆಡ್ಡಾವನ್ನು ಕೇಳದವರಾರು? ಕಾಡಾನೆಗಳ ಹಿಂಡನ್ನು ತಮಟೆ, ಕೂಗು, ಬೆಂಕಿಗಳಿಂದ ಅಟ್ಟಿ ಆವರಣದೊಳಕ್ಕೆ ನುಗ್ಗಿಸಿ ಹಿಡಿಯುತ್ತಿದ್ದರು. ಅದನ್ನು ನೋಡಲು ದೇಶವಿದೇಶಗಳ ಅತಿಥಿಗಳು ಬರುತ್ತಿದ್ದರು. ಕಡೆಯ ಖೆಡ್ಡಾ ನಡೆದುದು 1971ರಲ್ಲಿ. ಮರುವರ್ಷ, 1972ರಲ್ಲಿ, ವನ್ಯಜೀವಿ ಸಂರಕ್ಷಣೆಯ ಕಾನೂನು ಬಂದಿತು. 1974ರಲ್ಲಿ ಕಬಿನಿಯ ಅಣೆಕಟ್ಟು ಆಗಿ ಹಳೆಯ ಕಾಡಿನ ಒಂದು ಭಾಗವು ನೀರಿನಲ್ಲಿ ಮುಳುಗಿತು. ಮುಳುಗಿದ ಮರಗಳ ಒಣಬೊಡ್ಡೆಗಳು ಇಂದಿಗೂ ಹಿನ್ನೀರಿನಲ್ಲಿ ನಿಂತಿವೆ. ಅವುಗಳ ಮೇಲೆ ನೀರುಕಾಗೆಗಳೂ ಹಾವಕ್ಕಿಗಳೂ ರೆಕ್ಕೆಯನ್ನು ಹರಡಿ ಬಿಸಿಲು ಕಾಯಿಸಿಕೊಳ್ಳುತ್ತವೆ.

‘ಸಾಹಸ’ವೆಂಬ ಶಬ್ದಕ್ಕೆ ಸಂಸ್ಕೃತದಲ್ಲಿ ಇರುವ ಮೊದಲ ಅರ್ಥವು ಅಷ್ಟೇನೂ ಶ್ಲಾಘ್ಯವಾದುದಲ್ಲ. ‘ಸಹಸ್’ ಎಂದರೆ ಬಲ. ಬಲದಿಂದ, ದುಡುಕಿನಿಂದ ಮಾಡಿದ ಕಾರ್ಯವು ಸಾಹಸ. ಧರ್ಮಶಾಸ್ತ್ರಕಾರರು ಬಲಾತ್ಕಾರದ ಅಪರಾಧಗಳನ್ನು ಈ ಹೆಸರಿನಿಂದಲೇ ವಿಂಗಡಿಸಿ ದಂಡನೆಯನ್ನು ವಿಧಿಸಿದ್ದಾರೆ. ಕನ್ನಡಕ್ಕೆ ಬಂದಮೇಲೆ ಆ ಮಾತು ಸಾಧುವಾಗಿ ಧೈರ್ಯಕ್ಕೂ ಪ್ರಯತ್ನಕ್ಕೂ ಹೆಸರಾಯಿತು. ಕಾಡಿನಲ್ಲಿಯೂ ಇದೇ ಪರಿವರ್ತನೆಯಾಗಿದೆಯೆಂದು ಆ ದಿನ ನನಗೆ ತೋರಿತು.

ವಾಹನವು ಹೊರಟ ಸ್ವಲ್ಪ ಹೊತ್ತಿಗೆ ಒಣಕೊಂಬೆಯ ಮೇಲಿದ್ದ ನೀಲಕಂಠವೊಂದು ಹಾರಿತು. ಕುಳಿತಿರುವಾಗ ಮಂಕಾಗಿ ಕಾಣುವ ಈ ಹಕ್ಕಿಯು ರೆಕ್ಕೆಯನ್ನು ಬಿಚ್ಚಿದ ಕೂಡಲೆ ಪೆಟ್ಟಿಗೆಯಿಂದ ರೇಷ್ಮೆಯ ಸೀರೆಯನ್ನು ತೆಗೆದಂತಾಗುತ್ತದೆ. ನಮ್ಮ ರಾಜ್ಯದ ಪಕ್ಷಿಯೂ ಅದೇ. ಮುಂದೆ ಭೀಮರಾಜವು ಬಾಲದ ಎರಡು ಉದ್ದನೆಯ ಗರಿಗಳನ್ನು ತೂಗಾಡಿಸುತ್ತ ದಾರಿಯನ್ನು ದಾಟಿತು. ಅದು ಬೇರೆ ಹಕ್ಕಿಗಳ ಸ್ವರವನ್ನು ಅನುಕರಿಸಬಲ್ಲದು; ಗಿಡುಗದ ಕೂಗನ್ನೂ ಬಿಡುವುದಿಲ್ಲ. “ತಾತ, ಕೂಗನ್ನು ಕೇಳಿದ ಕೂಡಲೇ ಹೆಸರು ಬರೆಯಬಾರದು, ಇದು ಮೋಸ ಮಾಡುತ್ತೆ” ಎಂದು ಮೊಮ್ಮಗಳು ನನಗೆ ಪಾಠ ಹೇಳಿದಳು. ಮೂವತ್ತು ವರ್ಷ ಪಾಠ ಹೇಳಿದ ನಾನು ವಿಧೇಯನಾಗಿ ತಲೆಯಾಡಿಸಿದೆನು.

ಇಷ್ಟರಲ್ಲಿ ಚಾಲಕನು ತಟಕ್ಕನೆ ವಾಹನವನ್ನು ನಿಲ್ಲಿಸಿ ಯಂತ್ರವನ್ನು ಆರಿಸಿದನು. “ಯಾರೂ ಮಾತಾಡಬೇಡಿ. ಮೇಲೆ ಮುಸುವ ಕೂಗ್ತಾ ಐತೆ” ಎಂದನು. ಮರದ ತುದಿಯಿಂದ ಮುಸುವದ ಕೆಮ್ಮಿನಂಥ ಕೂಗು ಬಂದಿತು. ಪೊದೆಯ ಆಚೆ ಒಂದು ನವಿಲು ಬೆದರಿ ಕೂಗಿತು. ಜಿಂಕೆಗಳು ಕಿವಿಯನ್ನು ನಿಗುರಿಸಿ ಒಂದೇ ದಿಕ್ಕನ್ನು ನೋಡುತ್ತ ನಿಂತುವು. ಕಾಡಿನಲ್ಲಿ ಹುಲಿಯು ನಡೆಯುತ್ತಿರುವ ಸುದ್ದಿಯು ಹೀಗೆಯೇ ಬಾಯಿಂದ ಬಾಯಿಗೆ ಹಬ್ಬುವುದಂತೆ. ಎಲ್ಲರೂ ಉಸಿರು ಬಿಗಿಹಿಡಿದು ಕಾದೆವು. ಹತ್ತು ನಿಮಿಷವಾಯಿತು, ಇಪ್ಪತ್ತು ನಿಮಿಷವಾಯಿತು. ಹುಲಿಯು ಬರಲಿಲ್ಲ. ಮುಸುವವು ಸುಮ್ಮನಾಯಿತು, ಜಿಂಕೆಗಳು ಮತ್ತೆ ಮೇಯತೊಡಗಿದುವು. ಹಿಂದೆ ಕುಳಿತಿದ್ದ ಮಹಾಶಯರೊಬ್ಬರು ಕೊಟ್ಟ ಹಣವು ದಂಡವಾಯಿತೆಂದು ಗೊಣಗಿಕೊಂಡರು.

ಆ ನಿಶ್ಶಬ್ದದಲ್ಲಿ, ನಮ್ಮ ಎಡಗಡೆಯ ಕುರುಚಲಿನ ಆಚೆಯಿಂದ, ಕಂಚಿನ ತಟ್ಟೆಯನ್ನು ಬೆರಳಿನಿಂದ ತಟ್ಟಿದಂಥ ಒಂದು ಸ್ವರವು ಕೇಳಿಸಿತು. ‘ಪಿಯೂ, ಪಿಯೂ’ ಎಂದು ಮತ್ತೆ ಮತ್ತೆ ಕೂಗು. ಮೊಮ್ಮಗಳು ದುರ್ಬೀನನ್ನು ಎತ್ತಿ, ತಗ್ಗಿಸಿ, ಹುಡುಕಿ, ಕಡೆಗೆ ನನ್ನ ತೋಳನ್ನು ಹಿಡಿದಳು. “ತಾತ, ಒಣಗಿದ ಮರದ ತುದಿಯಲ್ಲಿ ನೋಡಿ. ಜುಟ್ಟು ಇದೆ.”

ನಾನು ನೋಡಿದೆನು. ಮೈನಾಹಕ್ಕಿಯಷ್ಟು ಗಾತ್ರ, ಅದಕ್ಕಿಂತ ತೆಳುವಾದ ಮೈ, ಉದ್ದನೆಯ ಬಾಲ. ಬೆನ್ನು ಕಪ್ಪು, ಹೊಟ್ಟೆ ಬಿಳುಪು, ತಲೆಯ ಮೇಲೆ ಹಿಂದಕ್ಕೆ ಬಾಗಿದ ಜುಟ್ಟು. ಅಷ್ಟರಲ್ಲಿ ನಾಲ್ಕಾರು ಹರಟೆಮಲ್ಲ ಹಕ್ಕಿಗಳು ಗಲಾಟೆ ಮಾಡುತ್ತ ಬಂದು ಅದನ್ನು ಓಡಿಸಿದುವು. ಹಾರುವಾಗ ಕಪ್ಪು ರೆಕ್ಕೆಯಲ್ಲಿ ಬಿಳಿಯ ಮಚ್ಚೆಯೊಂದು ಮಿನುಗಿತು. ಮೊಮ್ಮಗಳು ಪುಸ್ತಕದ ಪುಟವನ್ನು ತಿರುವಿ ಚಿತ್ರವನ್ನು ತೋರಿಸಿದಳು. ಚಿತ್ರದ ಕೆಳಗೆ ‘ಚಾತಕ’ ಎಂದು ಅಚ್ಚಾಗಿದ್ದಿತು.

ನನ್ನ ಕಿವಿಯಲ್ಲಿ ಆಗ ಕೇಳಿಸಿದುದು ಆ ಹಕ್ಕಿಯ ಕೂಗಲ್ಲ. “ಹೆಸರಲ್ಲ ಸಾರ್, ಹಕ್ಕಿ” ಎಂಬ ಮಾತು. ಮೈ ಕರ್ರಗೆ, ಹೊಟ್ಟೆ ಬೆಳ್ಳಗೆ, ತಲೆಯ ಮೇಲೆ ಜುಟ್ಟು: ಹುಡುಗನು ಹೇಳಿದುದರಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ.

ಮನೆಗೆ ಬಂದಮೇಲೆ ಪುಸ್ತಕಗಳನ್ನು ತೆರೆದೆನು. ಸಂಸ್ಕೃತ ಸಾಹಿತ್ಯದ ಪಕ್ಷಿಗಳನ್ನೇ ಕುರಿತು ಕೆ. ಎನ್. ದವೆಯವರು ಇಂಗ್ಲಿಷಿನಲ್ಲಿ ಬರೆದ ದೊಡ್ಡ ಗ್ರಂಥವು ಪ್ರಕಟವಾದುದು 1985ರಲ್ಲಿ. ಸಲೀಂ ಅಲಿಯವರ ಭಾರತೀಯ ಪಕ್ಷಿಗಳ ಪುಸ್ತಕವು 1941ರಿಂದಲೇ ಇದ್ದಿತು. ಅಂದರೆ, ನಾನು ಆ ಹುಡುಗನನ್ನು ಗದರಿಸಿದಾಗ ಅವನ ಪ್ರಶ್ನೆಗೆ ಉತ್ತರವು ಲೋಕದಲ್ಲಿ ಇಲ್ಲದೆ ಇರಲಿಲ್ಲ, ನಾನು ಹುಡುಕಿರಲಿಲ್ಲ.

ಚಾತಕವು ಕೋಗಿಲೆಯ ಕುಲದ್ದು. ಒಂದು ಪಂಗಡವು ಮುಂಗಾರು ಗಾಳಿಯೊಡನೆ ಆಫ್ರಿಕದಿಂದ ಕಡಲನ್ನು ದಾಟಿ ಭಾರತದ ಉತ್ತರ ಮತ್ತು ಮಧ್ಯಭಾಗಗಳಿಗೆ ಬರುತ್ತದೆ. ದಕ್ಷಿಣದಲ್ಲಿ ಇನ್ನೊಂದು ಪಂಗಡವು ಇಲ್ಲಿಯೇ ನೆಲಸಿರುತ್ತದೆ. ಮಳೆಯ ಹನಿಯನ್ನು ಮಾತ್ರ ಕುಡಿಯುವುದೆಂಬುದು ಕವಿಗಳ ಕಲ್ಪನೆ. ಅದರ ಮುಖ್ಯ ಆಹಾರವು ಕಂಬಳಿಹುಳು ಮುಂತಾದ ಕೀಟಗಳು, ಅವು ಹೆಚ್ಚುವುದು ಮಳೆಯ ನಂತರ. ಮಾನಧನನೆಂದು ನಾವು ಕೊಂಡಾಡುವ ಈ ಹಕ್ಕಿಯು ಗೂಡನ್ನು ಕಟ್ಟುವುದಿಲ್ಲವೆಂಬುದನ್ನು ಓದಿ ನಗು ಬಂದಿತು. ಹರಟೆಮಲ್ಲನ ಗೂಡಿನಲ್ಲಿ ಅದರ ಮೊಟ್ಟೆಯಂಥದೇ ನೀಲಿ ಮೊಟ್ಟೆಯನ್ನಿಟ್ಟು ಹಾರಿಹೋಗುತ್ತದೆ. ಆ ಬಡಹಕ್ಕಿಗಳು ಪರರ ಮರಿಯನ್ನು ತಮ್ಮದೆಂದು ಸಾಕುತ್ತವೆ. ಅವು ಅಂದು ಕೂಡಿಕೊಂಡು ಅಟ್ಟಿಸಿಕೊಂಡು ಹೋದುದು ನಿಷ್ಕಾರಣವಾಗಿರಲಿಲ್ಲ!

ಇದರಿಂದ ಕಾಳಿದಾಸನಿಗೆ ಕೊರತೆಯೇನೂ ಇಲ್ಲ. ಮಳೆಗಾಲಕ್ಕೂ ಈ ಹಕ್ಕಿಗೂ ಇರುವ ನಂಟನ್ನು ಹಿಂದಿನವರು ಕಣ್ಣಾರೆ ಕಂಡು, ಕಿವಿಯಾರೆ ಕೇಳಿ ಹೇಳಿದರು. ಕಾಣದೆ ಕೇಳದೆ ಬಾಯಿಪಾಠ ಒಪ್ಪಿಸಿದವನು ನಾನು. ಕವಿಗೆ ಹತ್ತಿರವಾಗಿದ್ದವನು ಆ ಕುರಿ ಕಾಯುವ ಹುಡುಗನೇ.

ಹಕ್ಕಿ ನೋಡುವುದರಲ್ಲಿ ಏನು ಸಾಹಸವಿದೆಯೆಂದು ಕೆಲವರು ಕೇಳಬಹುದು. ಹುಲಿಯು ಬರುವುದೂ ಬಾರದಿರುವುದೂ ಹುಲಿಯ ಇಚ್ಛೆ; ನಾವು ಕುಳಿತಿರಬೇಕು, ಅಷ್ಟೆ. ಹಕ್ಕಿಯ ವಿಷಯವು ಹಾಗಲ್ಲ. ಮೊದಲು ಕಿವಿಯಿಂದ ದಿಕ್ಕನ್ನು ಹಿಡಿಯಬೇಕು. ಎಲೆಗಳ ನಡುವೆ ಅಲುಗುವುದು ಯಾವುದೆಂದು ಹುಡುಕಬೇಕು. ಕ್ಷಣಮಾತ್ರದಲ್ಲಿ ಕೊಕ್ಕು, ಬಾಲ, ಬಣ್ಣಗಳನ್ನು ಮನಸ್ಸಿನಲ್ಲಿ ಬರೆದುಕೊಳ್ಳಬೇಕು. ಕೊನೆಗೆ, ನಾನು ಎಣಿಸಿದುದು ತಪ್ಪಾಗಿದ್ದರೂ ಇರಬಹುದೆಂದು ಒಪ್ಪಿಕೊಳ್ಳಲು ಸಿದ್ಧನಾಗಿರಬೇಕು. ಈ ಕಡೆಯದಕ್ಕೆ ಬೇಕಾದ ಧೈರ್ಯವು ನನ್ನ ವಯಸ್ಸಿನವರಿಗೆ ಸುಲಭವಾದುದಲ್ಲ.

ಕಾಡಿಗೆ ಹೋಗುವ ಕುಟುಂಬಗಳಿಗೆ ಎರಡು ಮಾತು. ಢಾಳಾದ ಬಣ್ಣದ ಬಟ್ಟೆಯನ್ನು ಬಿಟ್ಟು ಮಣ್ಣು ಎಲೆಗಳ ಬಣ್ಣದ್ದನ್ನು ಉಡಿರಿ. ವಾಹನದಿಂದ ಇಳಿಯಬೇಡಿರಿ, ಗಟ್ಟಿಯಾಗಿ ಮಾತನಾಡಬೇಡಿರಿ. ಫೋನಿನಲ್ಲಿ ಹಕ್ಕಿಯ ಕೂಗನ್ನು ನುಡಿಸಿ ಹಕ್ಕಿಯನ್ನು ಕರೆಯುವುದು ಈಗ ಕೆಲವರ ಅಭ್ಯಾಸ. ಗೂಡಿನ ಚಿಂತೆಯಲ್ಲಿರುವ ಪ್ರಾಣಿಯನ್ನು ಹಾಗೆ ವಂಚಿಸುವುದು ಧರ್ಮವಲ್ಲ. ಮಕ್ಕಳ ಕೈಗೆ ಒಂದು ನೋಟುಬುಕ್ಕನ್ನು ಕೊಡಿರಿ. ದಿನಾಂಕ, ಸ್ಥಳ, ಕಂಡ ಹಕ್ಕಿ, ಇಷ್ಟನ್ನು ಅವರೇ ಬರೆಯಲಿ. ಅವರು ಪ್ರಶ್ನೆಯನ್ನು ಕೇಳಿದಾಗ ಉತ್ತರವು ತಿಳಿಯದಿದ್ದರೆ, “ತಿಳಿಯದು, ಬಾ, ಇಬ್ಬರೂ ಹುಡುಕೋಣ” ಎನ್ನಿರಿ. ಇಷ್ಟು ಸಣ್ಣ ಮಾತನ್ನು ಕಲಿಯಲು ನನಗೆ ಅರವತ್ತು ವರ್ಷ ಬೇಕಾಯಿತು.

ಆ ಹುಡುಗನು ಈಗ ಎಲ್ಲಿರುವನೋ ನಾನರಿಯೆ. ನಲವತ್ತು ವರ್ಷದ ಗೃಹಸ್ಥನಾಗಿರಬೇಕು. ಅವನ ಮನೆಗೆ ಈ ಪತ್ರಿಕೆಯು ಹೋಗುತ್ತಿದ್ದರೆ, ಅವನಿಗೆ ಸಲ್ಲಬೇಕಾದ ಉತ್ತರವನ್ನು ಇಲ್ಲಿ ಬರೆದಿದ್ದೇನೆ: ಅಪ್ಪಾ, ನೀನು ಹೇಳಿದುದೇ ಸರಿ. ಅದು ಚಾತಕವೇ. ನಿಮ್ಮ ಹೊಲದ ಹತ್ತಿರ ಅದು ಈ ವರ್ಷವೂ ಕೂಗಿದ್ದರೆ, ನಿನ್ನ ಮಕ್ಕಳನ್ನು ಕರೆದು ತೋರಿಸು. ನಿಮ್ಮ ಹಳೆಯ ಮೇಷ್ಟರೂ ಅದನ್ನು ನೋಡಿದರೆಂದು ಹೇಳು.