ಸಾದೃಶ್ಯವು ದೋಷವೇ?

ಅಮೆರಿಕೆಯ ನ್ಯೂಯಾರ್ಕ್ ನಗರಕ್ಕೆ ಸೇರಿದಂತಿರುವ ಲಾಂಗ್ ಐಲೆಂಡಿನ ಬ್ರಯನ್ ಮತ್ತು ಮೈಕೇಲ್ ಡಾಡಾರಿಯೊ ಎಂಬ ಸೋದರರು ‘ದಿ ಲೆಮನ್ ಟ್ವಿಗ್ಸ್’ ಎಂಬ ಗಾಯಕವೃಂದವನ್ನು ನಡೆಸುತ್ತಿರುವರು. 2016ರಲ್ಲಿ ‘ಡು ಹಾಲಿವುಡ್’ ಎಂಬ ಇವರ ಗೀತಸಂಪುಟವು ಹೊರಬಂದಾಗ ಅಣ್ಣನಿಗೆ 19, ತಮ್ಮನಿಗೆ 17 ವರ್ಷ. ಇವರ ಗಾನವು ಬೀಟಲ್ಸ್, ಬೀಚ್ ಬಾಯ್ಸ್ ಮೊದಲಾದ 1960ರ ದಶಕದ ವೃಂದಗಳನ್ನು ನೆನಪಿಗೆ ತರುತ್ತದೆ. ಇಷ್ಟರಿಂದಲೇ ಎರಡು ಪಕ್ಷಗಳು ಹುಟ್ಟಿವೆ. ಹಳಬರ ಎಂಜಲೆಂದು ಒಂದು ಪಕ್ಷದ ತಿರಸ್ಕಾರ. ಹಳೆಯದರಂತೆಯೇ ಇರುವುದರಿಂದ ಉತ್ತಮವೆಂದು ಮತ್ತೊಂದರ ಪ್ರಶಂಸೆ. ಎರಡೂ ಅವಿಚಾರದ ತೀರ್ಪುಗಳೇ ಸರಿ.

ಈ ವ್ಯಾಜ್ಯವು ಹೊಸದಲ್ಲ. ಒಂಬತ್ತನೆಯ ಶತಮಾನದ ಕಾಶ್ಮೀರದಲ್ಲಿ ಆನಂದವರ್ಧನನು ‘ಧ್ವನ್ಯಾಲೋಕ’ದ ಕೊನೆಯ ಉದ್ದ್ಯೋತದಲ್ಲಿ ಇದನ್ನು ವಿಚಾರಿಸಿರುವನು. ಕಾವ್ಯಗಳೊಳಗಣ ಹೋಲಿಕೆಯು ಅವನ ಮತದಲ್ಲಿ ಮೂರು ತೆರ: ಕನ್ನಡಿಯೊಳಗಿನ ಬಿಂಬದಂಥದು, ಬರೆದ ಚಿತ್ರದಂಥದು, ಒಬ್ಬ ಮನುಷ್ಯನು ಮತ್ತೊಬ್ಬನನ್ನು ಹೋಲುವಂಥದು. ಬಿಂಬಕ್ಕೆ ಸ್ವಂತ ಆತ್ಮವಿಲ್ಲ. ಚಿತ್ರದ ಆತ್ಮವು ತುಚ್ಛ. ಆದಕಾರಣ ಇವೆರಡೂ ತ್ಯಾಜ್ಯ. ಮೂರನೆಯದಕ್ಕೆ ತನ್ನದೇ ಆತ್ಮವಿರುವುದರಿಂದ ಅದು ದೋಷವಲ್ಲ.

ಈ ಒರೆಗಲ್ಲಿಗೆ ಆ ಸೋದರರನ್ನು ಹಚ್ಚಿ ನೋಡತಕ್ಕದ್ದು. ಇವರ ತಂದೆ ರಾನಿ ಡಾಡಾರಿಯೊ ಸ್ವತಃ ಗೀತರಚನಕಾರನು; ಹಳೆಯ ಗಾನವು ಇವರಿಗೆ ಮನೆಯಲ್ಲಿಯೇ ದೊರೆತ ವಿದ್ಯೆ. ತಂದೆಯ ಮುಖಚ್ಛಾಯೆಯುಳ್ಳ ಮಗನನ್ನು ಕಳ್ಳನೆಂದು ಹಿಡಿದವರುಂಟೆ? 2018ರ ಇವರ ‘ಗೋ ಟು ಸ್ಕೂಲ್’ ಸಂಪುಟವು ಗೀತರೂಪವಾದ ಒಂದು ಕಥೆ. ಮನುಷ್ಯರ ಮಗನಂತೆ ಬೆಳೆದ ಚಿಂಪಾಂಜಿಯೊಂದು ಪಾಠಶಾಲೆಗೆ ಸೇರಿ, ಅವಮಾನಗಳನ್ನುಂಡು, ಕಡೆಗೆ ಆ ಶಾಲೆಗೇ ಬೆಂಕಿಯಿಡುತ್ತದೆ. ಹಿರಿಯ ಗಾಯಕನಾದ ಟಾಡ್ ರಂಡ್‌ಗ್ರೆನ್ ಅದರ ಸಾಕುತಂದೆಯಾಗಿಯೂ, ಈ ಸೋದರರ ಹೆತ್ತ ತಾಯಿಯೇ ಸಾಕುತಾಯಿಯಾಗಿಯೂ ಹಾಡಿರುವರು. ನಗಿಸುತ್ತ ನಗಿಸುತ್ತ ಎದೆಯನ್ನು ಹಿಂಡುವ ಈ ವಸ್ತು ಯಾವ ಕನ್ನಡಿಯ ಬಿಂಬ? ಉಡುಪು ಹಳೆಯದು, ಅದರೊಳಗಿನ ನೋವು ಈ ತಲೆಮಾರಿನ ಮಕ್ಕಳದು.

ತಿರಸ್ಕರಿಸುವವರಿಗಿಂತಲೂ ಹೊಗಳುವವರಿಂದ ಹೆಚ್ಚು ಕೇಡು. 2024ರ ‘ಎ ಡ್ರೀಮ್ ಈಸ್ ಆಲ್ ವಿ ನೋ’ ಸಂಪುಟದಲ್ಲಿ ಪೂರ್ವಿಕರ ಛಾಯೆಯು ಬಹು ದಟ್ಟವಾಗಿದೆ. ಅದನ್ನು ಛಾಯೆಗಾಗಿಯೇ ಕೊಂಡಾಡಿದರೆ, ಆತ್ಮವುಳ್ಳ ಗಾಯಕರು ಕ್ರಮೇಣ ಚಿತ್ರಕ್ಕೆ ಇಳಿಯುವರು. ಚಪ್ಪಾಳೆಯು ಬಂದ ಹಾದಿಯನ್ನೇ ತರುಣರು ಹಿಡಿಯುವುದು ಸಹಜವಷ್ಟೆ. ಗತಕಾಲವನ್ನು ನೆನೆದು ಸುಖಿಸುವುದು ಹಿರಿಯರ ಹಕ್ಕು. ಆ ಸುಖಕ್ಕಾಗಿ ಕಿರಿಯರ ಕಂಠವನ್ನು ಒತ್ತೆಯಿಡುವ ಹಕ್ಕು ಅವರಿಗಿಲ್ಲ. ಮನೆಯ ಮಗುವು ಹಾಡಿದಾಗ “ಥೇಟ್ ಇಂಥವರಂತೆಯೇ ಹಾಡಿತು” ಎಂದು ಬೆನ್ನು ತಟ್ಟುವ ಮುನ್ನ ಸಹೃದಯರು ಇದನ್ನು ಕೊಂಚ ಆಲೋಚಿಸತಕ್ಕದ್ದು.