ಅಮೆರಿಕದ ಕಾಲೇಜು, ಅಡಿಕೆಯ ತೋಟ

ಕಳೆದ ಭಾನುವಾರ ಮಧ್ಯಾಹ್ನದ ಮೇಲೆ ನನ್ನ ತಂಗಿಯ ಮೊಮ್ಮಗಳು ಬೆಳ್ತಂಗಡಿಯಿಂದ ವೇಣೂರು ದಾರಿಯ ಬಸ್ಸು ಹಿಡಿದು ಮೂಡುಬಿದಿರೆಯ ನಮ್ಮ ಮನೆಗೆ ಬಂದಳು. ಜತೆಯಲ್ಲಿ ಅವಳ ತಂದೆ, ಅಂದರೆ ನನ್ನ ಅಳಿಯನೂ ಇದ್ದ. ಹುಡುಗಿ ಇಂಜಿನಿಯರಿಂಗ್ ಮುಗಿಸಿದ್ದಾಳೆ. ಅಮೆರಿಕದ ಎರಡು ವಿಶ್ವವಿದ್ಯಾಲಯಗಳಿಂದ ಎಂ.ಎಸ್. ಪ್ರವೇಶದ ಪತ್ರಗಳು ಬಂದಿವೆ. ಒಂದು, ಯಾರು ಕೇಳಿದರೂ ಹುಬ್ಬೇರಿಸುವಂಥ ಹೆಸರಿನ ಖಾಸಗಿ ವಿಶ್ವವಿದ್ಯಾಲಯ. ವರ್ಷಕ್ಕೆ 15,000 ಡಾಲರ್ ವಿದ್ಯಾರ್ಥಿವೇತನವನ್ನೂ ಕೊಡುವುದಾಗಿ ಬರೆದಿದೆ. ಇನ್ನೊಂದು, ಒಳನಾಡಿನ ಸಣ್ಣ ಪಟ್ಟಣವೊಂದರ ಸರಕಾರಿ ವಿಶ್ವವಿದ್ಯಾಲಯ. ಅದರ ಹೆಸರನ್ನು ನಮ್ಮ ಕುಟುಂಬದಲ್ಲಿ ಯಾರೂ ಕೇಳಿದವರಲ್ಲ.

“ಮಾವ, ಹೆಸರಿದ್ದಲ್ಲಿಗೇ ಹೋಗಲಿ ಎಂದು ನನ್ನ ಮನಸ್ಸು. ತೋಟದ ಮೇಲೆ ಸಾಲ ತೆಗೆದರಾಯಿತು. ನೀವೊಂದು ಮಾತು ಹೇಳಿ” ಎಂದ ಅಳಿಯ.

ನನಗೆ ಕೂಡಲೇ ಉತ್ತರಿಸಲಾಗಲಿಲ್ಲ. ಇದೇ ಪ್ರಶ್ನೆಯನ್ನು ಇದೇ ಜಗಲಿಯಲ್ಲಿ ಕುಳಿತು 2007ರಲ್ಲಿ ಇನ್ನೊಬ್ಬ ತಂದೆ ನನ್ನಲ್ಲಿ ಕೇಳಿದ್ದರು. ಬಂಟ್ವಾಳ ತಾಲೂಕಿನ ಸಿದ್ಧಕಟ್ಟೆ ಕಡೆಯ ಕೃಷಿಕರು. ಮಗ ನನ್ನ ಶಿಷ್ಯ, ಜಾಣ. ನಾನು ಹಿಂದುಮುಂದು ನೋಡದೆ, “ವಿದ್ಯೆಯ ವಿಷಯದಲ್ಲಿ ಲೆಕ್ಕ ನೋಡಬಾರದು, ಹೆಸರಿರುವಲ್ಲಿಗೇ ಕಳುಹಿಸಿ” ಎಂದುಬಿಟ್ಟೆ. ಅವರು ತೋಟವನ್ನು ಅಡವಿಟ್ಟು ಕಳುಹಿಸಿದರು. 2008ರ ಸೆಪ್ಟೆಂಬರಿನಲ್ಲಿ ಅಮೆರಿಕದ ಬ್ಯಾಂಕುಗಳು ಕುಸಿಯತೊಡಗಿದವು. ಹುಡುಗ ಓದು ಮುಗಿಸಿ ಹೊರಬಂದಾಗ ಕೆಲಸ ಕೊಡುವವರಿರಲಿಲ್ಲ. ಬಡ್ಡಿ ಮಾತ್ರ ತಪ್ಪದೆ ಬೆಳೆಯಿತು. ಕೊನೆಗೆ ತೋಡಿನ ಕರೆಯ ಒಳ್ಳೆಯ ಭಾಗವನ್ನೇ ಮಾರಿ ಸಾಲ ತೀರಿಸಿದರು. ಹುಡುಗ ಈಗ ಚೆನ್ನಾಗಿದ್ದಾನೆ, ಅದು ಸಂತೋಷ. ಆದರೆ ಕೆಲವು ವರ್ಷಗಳ ಮೇಲೆ ಒಂದು ಮದುವೆಯಲ್ಲಿ ಸಿಕ್ಕಿದ ಆ ತಂದೆ ನನ್ನ ಕೈ ಹಿಡಿದು, “ನೀವು ಒಳ್ಳೆಯದಕ್ಕೇ ಹೇಳಿದ್ದು ಮಾಷ್ಟ್ರೇ” ಎಂದರು. ಬೈದಿದ್ದರೆ ಮರೆತುಬಿಡುತ್ತಿದ್ದೆನೋ ಏನೋ. ಮೂವತ್ತನಾಲ್ಕು ವರ್ಷ ಮಕ್ಕಳಿಗೆ ಚಕ್ರಬಡ್ಡಿಯನ್ನು ಕಲಿಸಿದ ಲೆಕ್ಕದ ಮಾಷ್ಟ್ರು, ಬೇಕಾದ ಹೊತ್ತಿಗೆ ಲೆಕ್ಕ ಹಾಕಲಿಲ್ಲ.

ಆದುದರಿಂದ ಈ ಸಲ ಮೊದಲು ಕಾಗದ, ಪೆನ್ನು ತರಿಸಿದೆ. ಲೆಕ್ಕ ಮಾಡಿದ್ದು ಹುಡುಗಿಯೇ. ಮೊದಲನೆಯ ಕಡೆ ಬೋಧನಾಶುಲ್ಕ 60,000 ಡಾಲರ್, ಊಟ-ವಸತಿ-ವಿಮೆ ಸೇರಿ 25,000. ವಿದ್ಯಾರ್ಥಿವೇತನ ಕಳೆದರೆ ವರ್ಷಕ್ಕೆ 70,000, ಎರಡು ವರ್ಷಕ್ಕೆ 1,40,000 ಡಾಲರ್. ಡಾಲರಿಗೆ 90 ರೂಪಾಯಿಯಂತೆ 1 ಕೋಟಿ 26 ಲಕ್ಷ. ಎರಡನೆಯ ಕಡೆ ಶುಲ್ಕ 14,000, ಜೀವನವೆಚ್ಚ 13,000. ಎರಡು ವರ್ಷಕ್ಕೆ 54,000 ಡಾಲರ್, ಅಂದರೆ 48 ಲಕ್ಷ 60 ಸಾವಿರ. ಮನೆಯಲ್ಲಿರುವ ಉಳಿತಾಯ 26 ಲಕ್ಷ. ಹಾಗಾದರೆ ಒಂದಕ್ಕೆ ಸಾಲ ಪೂರ್ತಿ ಒಂದು ಕೋಟಿ, ಇನ್ನೊಂದಕ್ಕೆ 22 ಲಕ್ಷ 60 ಸಾವಿರ. ಶೇಕಡಾ 11ರ ಬಡ್ಡಿ ಹಿಡಿದರೆ ಮೊದಲನೆಯದಕ್ಕೆ ತಿಂಗಳಿಗೆ 91,667 ರೂಪಾಯಿ, ಎರಡನೆಯದಕ್ಕೆ ಸುಮಾರು 20,700. ಇದು ಬರಿಯ ಬಡ್ಡಿ. ಅಸಲು ಒಂದು ರೂಪಾಯಿಯೂ ಇಳಿದಿರುವುದಿಲ್ಲ.

ಅಳಿಯ ಕಾಗದವನ್ನು ನೋಡಿ, “ಅಲ್ಲಿ ಕೆಲಸ ಸಿಕ್ಕಿದರೆ ಎರಡು ವರ್ಷದಲ್ಲಿ ತೀರಿಸಬಹುದು ಮಾವ” ಎಂದ. ಆ ‘ಸಿಕ್ಕಿದರೆ’ ಎಂಬ ಪದದ ಮೇಲೆ ತೋಟವನ್ನು ನಿಲ್ಲಿಸಬಾರದು ಎಂಬುದೇ ನಾನು ಹೇಳಹೊರಟಿರುವ ಮಾತು. ಈಗಿನ ನಿಯಮದಂತೆ ಓದು ಮುಗಿದ ಮೇಲೆ 12 ತಿಂಗಳು, ವಿಜ್ಞಾನ-ತಂತ್ರಜ್ಞಾನದವರಿಗೆ ಇನ್ನೂ 24 ತಿಂಗಳು ಅಲ್ಲಿ ದುಡಿಯಲು ಅವಕಾಶವಿದೆ. ಆದರೆ ಆ ನಿಯಮವನ್ನು ಮಾಡುವವರು ನಾವಲ್ಲ. 2025ರ ಮೇ ಕೊನೆಯಲ್ಲಿ ವಿದ್ಯಾರ್ಥಿ ವೀಸಾದ ಹೊಸ ಸಂದರ್ಶನಗಳಿಗೆ ದಿನ ಕೊಡುವುದನ್ನೇ ಕೆಲವು ವಾರ ನಿಲ್ಲಿಸಿದರು. ಅದೇ ಸೆಪ್ಟೆಂಬರಿನಲ್ಲಿ ಎಚ್-1ಬಿ ವೀಸಾದ ಹೊಸ ಅರ್ಜಿಗಳಿಗೆ ಒಂದು ಲಕ್ಷ ಡಾಲರ್ ಶುಲ್ಕವೆಂದು ಘೋಷಿಸಿದರು. ಅದು ಯಾರಿಗೆ ಅನ್ವಯ, ಯಾರಿಗಿಲ್ಲ ಎಂಬ ವಿವರಣೆ ಬಂದದ್ದು ಆಮೇಲೆ. ರೂಪಾಯಿಯೂ ಸುಮ್ಮನಿರುವುದಿಲ್ಲ: 2000ದಲ್ಲಿ ಡಾಲರಿಗೆ ಸುಮಾರು 45 ಇದ್ದದ್ದು 2025ರ ಕೊನೆಗೆ 90ನ್ನು ಮುಟ್ಟಿತು. ಇತ್ತ ನಮ್ಮಲ್ಲಿ ಮಳೆ ಹಿಡಿದು ಮದ್ದು ಬಿಡಲು ಒಂದು ವಾರ ಬಿಡುವು ಸಿಗದಿದ್ದರೆ ಕೊಳೆರೋಗಕ್ಕೆ ಅರ್ಧ ಫಸಲು ಹೋಯಿತು. ಇಷ್ಟೂ ಅನಿಶ್ಚಿತಗಳನ್ನು ಒಂದೇ ಸಾಲಪತ್ರದ ಮೇಲೆ ಹೇರುವುದು ಧೈರ್ಯವಲ್ಲ.

ನನ್ನ ಮಟ್ಟಿಗೆ ಅಗ್ಗದ ಕಾಲೇಜೆಂದರೆ ಶುಲ್ಕ ಕಡಿಮೆಯಿರುವ ಕಾಲೇಜಲ್ಲ. ಅಲ್ಲಿ ಕೆಲಸ ಸಿಗದೆ ಊರಿಗೆ ಮರಳಿದರೂ ಮಂಗಳೂರಿನಲ್ಲೋ ಬೆಂಗಳೂರಿನಲ್ಲೋ ಸಿಗುವ ಸಂಬಳದಿಂದ ಸಾಲ ತೀರಿಸಬಹುದಾದ ಕಾಲೇಜೇ ಅಗ್ಗದ್ದು. ಮಗುವಿಗೆ ಹಿಂದಿರುಗುವ ಸ್ವಾತಂತ್ರ್ಯವನ್ನು ಕಸಿದುಕೊಳ್ಳುವ ಕಾಲೇಜು ಎಷ್ಟು ದೊಡ್ಡದಾದರೂ ದುಬಾರಿಯೇ.

ಹೆಸರಿಗೆ ಬೆಲೆಯೇ ಇಲ್ಲವೆಂದು ನಾನು ಹೇಳುವುದಿಲ್ಲ. ಪದವಿಯ ಮಟ್ಟದಲ್ಲಿ ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಎಂಐಟಿ, ಆಮ್ಹರ್ಸ್ಟ್ ಮೊದಲಾದ ಕೆಲವು ಸಂಸ್ಥೆಗಳು ಹೊರದೇಶದ ವಿದ್ಯಾರ್ಥಿಯನ್ನೂ ಅವನ ಹಣದ ಶಕ್ತಿ ನೋಡದೆ ಆರಿಸಿ, ಕುಟುಂಬಕ್ಕೆ ಸಾಲದೆ ಬರುವ ಹಣವನ್ನು ತಾವೇ ತುಂಬುತ್ತವೆ. ಅಲ್ಲಿ ಸ್ಥಾನ ಸಿಗುವುದು ಬಹಳ ಕಷ್ಟ, ಸಿಕ್ಕಿದರೆ ಹೋಗಲೇಬೇಕು. ಕೆಂಟಕಿ ರಾಜ್ಯದ ಬೆರಿಯಾ ಕಾಲೇಜು ಯಾವ ವಿದ್ಯಾರ್ಥಿಯಿಂದಲೂ ಬೋಧನಾಶುಲ್ಕವನ್ನು ವಸೂಲು ಮಾಡುವುದಿಲ್ಲ. ಪ್ರತಿಯೊಬ್ಬನೂ ಕಾಲೇಜಿನ ಕೆಲಸದಲ್ಲಿ ಪಾಲುಗೊಳ್ಳಬೇಕು. ಉಜಿರೆಯ ಸಿದ್ಧವನ ಗುರುಕುಲದ ನೆರಳಿನಲ್ಲಿ ಓದಿದ ನಿಮ್ಮಲ್ಲಿ ಕೆಲವರಿಗೆ ಈ ಮಾತು ಹೊಸದೆನಿಸಲಾರದು. ಹೊರದೇಶದವರಿಗೆ ಅಲ್ಲಿ ಸ್ಥಾನಗಳು ಕೆಲವೇ. ಇನ್ನು ಕಮ್ಯೂನಿಟಿ ಕಾಲೇಜುಗಳೆಂಬ ಎರಡು ವರ್ಷದ ಕಾಲೇಜುಗಳಿವೆ. ಅಲ್ಲಿ ಮೊದಲೆರಡು ವರ್ಷ ಕಡಿಮೆ ಖರ್ಚಿನಲ್ಲಿ ಓದಿ, ಉಳಿದೆರಡು ವರ್ಷಕ್ಕೆ ವಿಶ್ವವಿದ್ಯಾಲಯಕ್ಕೆ ವರ್ಗವಾದರೆ ಕೈಗೆ ಬರುವ ಪದವಿ ಆ ವಿಶ್ವವಿದ್ಯಾಲಯದ್ದೇ. ಮೂಲವಿಜ್ಞಾನದಲ್ಲಿ ಆಸಕ್ತಿಯಿರುವವರು ನೇರವಾಗಿ ಪಿಎಚ್.ಡಿ.ಗೆ ಪ್ರಯತ್ನಿಸಬೇಕು, ಅಲ್ಲಿ ಪಾಠ ಹೇಳುವ ಇಲ್ಲವೆ ಸಂಶೋಧನೆಗೆ ನೆರವಾಗುವ ಕೆಲಸಕ್ಕೆ ಬದಲಾಗಿ ಶುಲ್ಕ ಮಾಫಿ, ಮೇಲೆ ಮಾಸಾಶನ. ಎಂ.ಎಸ್.ನವರಿಗೆ ಅಂಥದ್ದು ಅಪರೂಪ.

ಎ. ಕೆ. ರಾಮಾನುಜನ್ 1959ರಲ್ಲಿ ಅಮೆರಿಕಕ್ಕೆ ಹೋದದ್ದು ಫುಲ್‌ಬ್ರೈಟ್ ವಿದ್ಯಾರ್ಥಿವೇತನದ ಮೇಲೆ. 1963ರಲ್ಲಿ ಡಾಕ್ಟರೇಟ್ ಪಡೆದದ್ದು ಇಂಡಿಯಾನಾದ ಸರಕಾರಿ ವಿಶ್ವವಿದ್ಯಾಲಯದಲ್ಲಿ. ಓದಿದವನು ಹೆಸರನ್ನು ತಂದುಕೊಟ್ಟ ಉದಾಹರಣೆಯೂ ಲೋಕದಲ್ಲಿದೆ.

ಪತ್ರ ಬಂದೊಡನೆ ಕೇಳಬೇಕಾದ ಪ್ರಶ್ನೆಗಳು ಹೆಚ್ಚಿಲ್ಲ. ವಿದ್ಯಾರ್ಥಿವೇತನ ಎಷ್ಟು ವರ್ಷಕ್ಕೆ, ಎಷ್ಟು ಅಂಕ ಇಳಿದರೆ ನಿಲ್ಲುತ್ತದೆ? ಕಡ್ಡಾಯ ಆರೋಗ್ಯ ವಿಮೆ ಲೆಕ್ಕದಲ್ಲಿ ಸೇರಿದೆಯೇ? ಎರಡನೆಯ ವರ್ಷದ ಹಣ ಎಲ್ಲಿಂದ? ಐ-20 ಪತ್ರಕ್ಕಾಗಿ ಬ್ಯಾಂಕಿನಲ್ಲಿ ತೋರಿಸುವುದು ಸಾಮಾನ್ಯವಾಗಿ ಮೊದಲ ವರ್ಷದ ಹಣವನ್ನು. ಎಷ್ಟೋ ಮನೆಗಳ ಯೋಚನೆಯೂ ಅಲ್ಲಿಗೇ ನಿಂತುಬಿಡುತ್ತದೆ. ‘ದುಡಿದು ಓದುತ್ತಾನೆ’ ಎನ್ನುವವರಿಗೂ ಒಂದು ಮಾತು: ಪಾಠಗಳು ನಡೆಯುವಾಗ ವಾರಕ್ಕೆ 20 ಗಂಟೆ, ಅದೂ ಕಾಲೇಜಿನ ಆವರಣದೊಳಗೆ ಮಾತ್ರ. ಅದರಿಂದ ಊಟದ ಖರ್ಚು ಹುಟ್ಟೀತು, ಶುಲ್ಕ ಹುಟ್ಟದು. ಹೊರಗೆ ಕದ್ದು ದುಡಿದರೆ ವೀಸಾವೇ ಹೋಗುತ್ತದೆ.

ಪೇಟೆಯ ಏಜೆಂಟರ ಮಾತಿಗೆ ಮರುಳಾಗಬೇಡಿ. ಅವರಲ್ಲಿ ಅನೇಕರಿಗೆ ಕಾಲೇಜುಗಳೇ ಕಮಿಷನ್ ಕೊಡುತ್ತವೆ. ಕಮಿಷನ್ ಕೊಡದ ಒಳ್ಳೆಯ ಕಾಲೇಜಿನ ಹೆಸರು ಅವರ ಬಾಯಲ್ಲಿ ಬರುವುದು ಕಷ್ಟ. ಎಜುಕೇಶನ್‌ಯುಎಸ್‌ಎ ಎಂಬ ಅಮೆರಿಕ ಸರಕಾರದ್ದೇ ಸಲಹಾ ವ್ಯವಸ್ಥೆಯಿದೆ, ಅಲ್ಲಿ ವಿಚಾರಿಸಿ. ಸುಲಭವಾಗಿ ಸಿಕ್ಕಿದ್ದೆಲ್ಲ ಅಗ್ಗವಲ್ಲ ಎಂಬುದಕ್ಕೆ ಮಿಚಿಗನ್‌ನ ಫಾರ್ಮಿಂಗ್‌ಟನ್ ವಿಶ್ವವಿದ್ಯಾಲಯದ ಪ್ರಕರಣವನ್ನು ನೆನೆಯಬೇಕು. ಅದು ಅಲ್ಲಿಯ ವಲಸೆ ಅಧಿಕಾರಿಗಳು ಬಲೆಯಾಗಿ ಹೂಡಿದ್ದ ನಕಲಿ ಸಂಸ್ಥೆಯೆಂದು 2019ರ ಜನವರಿಯಲ್ಲಿ ಬಯಲಾದಾಗ ನೂರಕ್ಕೂ ಹೆಚ್ಚು ಭಾರತೀಯ ವಿದ್ಯಾರ್ಥಿಗಳು ಬಂಧನಕ್ಕೊಳಗಾಗಿದ್ದರು.

ಲೆಕ್ಕ ಕೇಳುವುದು ವಿದ್ಯೆಗೆ ಅವಮಾನವೆಂದು ನಾನೂ ಒಂದು ಕಾಲದಲ್ಲಿ ತಿಳಿದಿದ್ದೆ. ನಮ್ಮ ಜಿಲ್ಲೆಯ ಹಿರಿಯರು ಹಾಗೆ ತಿಳಿದಿರಲಿಲ್ಲ. ಬಂಟ್ವಾಳದ ಬಳಿಯ ಅಮ್ಮೆಂಬಳದ ಹೆಸರನ್ನು ಹೊತ್ತ ಸುಬ್ಬರಾವ್ ಪೈಗಳು 1891ರಲ್ಲಿ ಮಂಗಳೂರಿನಲ್ಲಿ ಶಾಲೆ ತೆರೆದರು, 1906ರಲ್ಲಿ ಇಂದಿನ ಕೆನರಾ ಬ್ಯಾಂಕಿಗೆ ಮೂಲವಾದ ನಿಧಿಯನ್ನು ಕಟ್ಟಿದರು. 1928ರಲ್ಲಿ ಆರಂಭವಾದ ಸಿಂಡಿಕೇಟ್ ಬ್ಯಾಂಕಿನ ಪಿಗ್ಮಿಗೆ ಜನ ದಿನಕ್ಕೆ ಎರಡಾಣೆಯಂತೆ ಹಾಕಿದರು. ಆ ಬ್ಯಾಂಕು 2020ರಲ್ಲಿ ಕೆನರಾದೊಂದಿಗೆ ವಿಲೀನವಾಯಿತು; ಎರಡಾಣೆಯ ಪಾಠ ಮಾತ್ರ ನಮ್ಮಲ್ಲಿ ಉಳಿಯಬೇಕು. ಶಾಲೆಯೂ ಉಳಿತಾಯವೂ ಒಂದೇ ಮನೆಯ ಮಕ್ಕಳೆಂದು ಅವರು ಬಲ್ಲವರಾಗಿದ್ದರು.

ಹುಡುಗಿ ಇನ್ನೂ ನಿರ್ಧರಿಸಿಲ್ಲ. ಅಳಿಯನಿಗೆ ನನ್ನ ಮೇಲೆ ತುಸು ಅಸಮಾಧಾನವಿದೆ. ಹೊರಡುವಾಗ ಮುಖದಲ್ಲಿ ಕಂಡಿತು. ಇರಲಿ. ಆ ಕಾಗದವನ್ನು ಮಡಚಿ ಅವಳು ಜತೆಯಲ್ಲಿ ಒಯ್ದಿದ್ದಾಳೆ.

ಕೊನೆಗೆ, ಅಮೆರಿಕದಲ್ಲಿ ನೆಲೆಸಿರುವ ನನ್ನ ಶಿಷ್ಯರಲ್ಲಿ ಒಂದು ವಿನಂತಿ. ನೀವು ರಜೆಗೆ ಊರಿಗೆ ಬಂದಾಗ ಗೆದ್ದ ಕಥೆಯನ್ನಷ್ಟೇ ಹೇಳುತ್ತೀರಿ. ನಾಲ್ವರು ಒಂದೇ ಕೋಣೆಯಲ್ಲಿ ಮಲಗಿದ್ದು, ಎರಡನೆಯ ವರ್ಷದ ಶುಲ್ಕಕ್ಕಾಗಿ ಮನೆಗೆ ಕರೆ ಮಾಡಲು ನಾಲಿಗೆ ಏಳದೆ ಹೋದದ್ದು, ಇವೆಲ್ಲ ನಿಮ್ಮೊಳಗೇ ಉಳಿಯುತ್ತವೆ. ನೆರೆಮನೆಯ ತಂದೆ ನಿಮ್ಮ ಕಾರನ್ನು ನೋಡಿ ತೋಟದ ಪತ್ರ ಹಿಡಿದು ಬ್ಯಾಂಕಿಗೆ ಹೊರಡುತ್ತಾನೆ. ಮುಂದಿನ ಸಲ ಬರುವಾಗ ಚಾಕಲೇಟಿನ ಜತೆಗೆ ನಿಮ್ಮ ಲೆಕ್ಕವನ್ನೂ ತನ್ನಿ. ನಾಲ್ಕು ಮಕ್ಕಳನ್ನು ಕೂರಿಸಿಕೊಂಡು ಮುಚ್ಚುಮರೆಯಿಲ್ಲದೆ ಹೇಳಿ. ನಮ್ಮ ಜಗಲಿಯಲ್ಲಿ ಜಾಗವಿದೆ. ಕಾಗದ, ಪೆನ್ನು ನಾನು ಕೊಡುತ್ತೇನೆ.