‘ನೋಬಿಸ್’ ಎಂದರೆ ಯಾರು?



ಕಟ್ಟಡಗಳಿಗೆ ಅಂಗವಿಕಲರು ಯಾರ ಹಂಗೂ ಇಲ್ಲದೆ ಬಂದುಹೋಗುವಂತೆ ಮಾಡಲು ಸಲಹೆ ಕೊಡುವುದೇ ಕಸುಬಾಗಿರುವ ಸಂಸ್ಥೆಗಳು ಈಗ ಇವೆ. ಅಂಥ ಸಂಸ್ಥೆಯೊಂದು ಲ್ಯಾಟಿನ್ ಹೆಸರು ಇಟ್ಟುಕೊಳ್ಳಲು ಬಯಸಿದರೆ ‘ನಿಹಿಲ್ ದೆ ನೋಬಿಸ್, ಸಿನೆ ನೋಬಿಸ್’ ಎಂಬುದಕ್ಕಿಂತ ಒಪ್ಪುವ ಮಾತು ಸಿಗದು. ನಮ್ಮ ಹಿರಿಯರಿಗೆ ಇದರಲ್ಲಿ ಒಂದು ಪದವಾದರೂ ಪರಿಚಿತ. ಸಂತರ ಪ್ರಾರ್ಥನಾಮಾಲೆಯಲ್ಲಿ ‘ಓರಾ ಪ್ರೊ ನೋಬಿಸ್’ ಎಂದು ಉತ್ತರ ಕೊಡುತ್ತಿದ್ದೆವಲ್ಲ, ಅದೇ ನೋಬಿಸ್, ಅಂದರೆ ನಾವು. ನಿಹಿಲ್ ಎಂದರೆ ಏನೂ ಇಲ್ಲ, ಸಿನೆ ಎಂದರೆ ಹೊರತು. ‘ನಮ್ಮನ್ನು ಬಿಟ್ಟು ನಮ್ಮ ವಿಷಯದಲ್ಲಿ ಏನೂ ಬೇಡ’ ಎಂದು ಒಟ್ಟು ಅರ್ಥ.

ಈ ಮಾತಿನ ಬೇರನ್ನು ಪೋಲೆಂಡಿನಲ್ಲಿ ಹುಡುಕುತ್ತಾರೆ. ಅಲ್ಲಿ 1505ರಲ್ಲಿ ರಾದೋಮ್ ಎಂಬಲ್ಲಿ ಸೇರಿದ ಸಭೆ, ತನ್ನ ಒಪ್ಪಿಗೆ ಇಲ್ಲದೆ ಅರಸನು ಹೊಸ ಕಾನೂನು ಮಾಡಕೂಡದೆಂದು ಗೊತ್ತುಪಡಿಸಿತು. ಆದರೆ ಆ ‘ನಾವು’ ಜಹಗೀರುದಾರರು ಮಾತ್ರ. ಹೊಲ ಉಳುವ ರೈತ ಅದರೊಳಗೆ ಇರಲಿಲ್ಲ! ದೊಡ್ಡವರ ಹಕ್ಕಿನ ಮಾತು ಸುಮಾರು ಐನೂರು ವರ್ಷ ಕಳೆದು, ಯಾರ ಮಾತನ್ನೂ ಯಾರೂ ಕೇಳದಿದ್ದ ಜನರ ಬಾಯಿಗೆ ಬಂದದ್ದು ನನಗೆ ಬಹಳ ಹಿಡಿಸಿತು. 1990ರ ದಶಕದಲ್ಲಿ ದಕ್ಷಿಣ ಆಫ್ರಿಕಾದ ಅಂಗವಿಕಲರ ಚಳವಳಿ ಇದನ್ನು ಎತ್ತಿಕೊಂಡಿತು. ವಿಶ್ವಸಂಸ್ಥೆ 2006ರಲ್ಲಿ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯನ್ನು ಅಂಗೀಕರಿಸುವ ಹೊತ್ತಿಗೆ ಅದು ಲೋಕದ ಘೋಷಣೆಯಾಗಿತ್ತು. ಭಾರತ 2007ರಲ್ಲಿ ಆ ಒಡಂಬಡಿಕೆಯನ್ನು ಒಪ್ಪಿತು, 2016ರಲ್ಲಿ ಹೊಸ ಕಾನೂನನ್ನೂ ಮಾಡಿತು.

ಗಡಿನಾಡಿನ ನಮಗೆ ಇದು ದೂರದ ಸಂಗತಿಯಲ್ಲ. ಕಾಸರಗೋಡಿನ ಗೇರುತೋಟಗಳ ಮೇಲೆ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಯಿತು. ಎಣ್ಮಕಜೆಯಂಥ ಕನ್ನಡದ ಊರುಗಳಲ್ಲಿ ಹಾಸಿಗೆ ಹಿಡಿದ ಮಕ್ಕಳ ಮನೆಗಳು ಎಷ್ಟೋ. ಸಮಿತಿಗಳು ಬಂದು ಹೋದವು, ವರದಿಗಳೂ ಆದವು. ಆದರೂ 2016ರಲ್ಲಿ, ಮತ್ತೆ 2019ರಲ್ಲಿ, ತಾಯಂದಿರೇ ಮಕ್ಕಳನ್ನು ಎತ್ತಿಕೊಂಡು ತಿರುವನಂತಪುರಕ್ಕೆ ಹೋಗಿ ಧರಣಿ ಕೂರಬೇಕಾಯಿತು.

ಮಾರ್ಕನ ಶುಭಸಂದೇಶದ ಹತ್ತನೆಯ ಅಧ್ಯಾಯವನ್ನು ಒಮ್ಮೆ ತೆರೆದು ನೋಡಿ. ದಾರಿಬದಿಯ ಕುರುಡ ಬಾರ್ತಿಮಾಯನು ಕೂಗಿದಾಗ ಜನ ಅವನನ್ನು ಸುಮ್ಮನಿರು ಎಂದು ಗದರಿದರು. ಪ್ರಭು ಯೇಸು ಅವನನ್ನು ಕರೆಸಿದರು. ಬಂದವನು ಕುರುಡ, ಅವನಿಗೆ ಏನು ಬೇಕೆಂದು ಕಣ್ಣಿದ್ದ ಯಾರಿಗೂ ಗೊತ್ತು. ಆದರೂ ತಮ್ಮಿಂದ ಅವನಿಗೇನಾಗಬೇಕೆಂದು ಪ್ರಭು ಅವನನ್ನೇ ಕೇಳಿದರು. ಅವನ ಬಾಯಿಂದಲೇ ಉತ್ತರ ಬರಲೆಂದು ಕಾದರು.

ನಮ್ಮ ಚರ್ಚುಗಳಲ್ಲೋ, ಕೇಳುವ ಮೊದಲೇ ಸಿಮೆಂಟು ಕಲೆಸುತ್ತೇವೆ. ಮೂರು ಮೆಟ್ಟಿಲಿನ ಪಕ್ಕದಲ್ಲಿ ಐದಾರು ಅಡಿಯ ಇಳಿಜಾರು ಕಟ್ಟಿ, ದಾನಿಗಳ ಹೆಸರಿನ ಕಲ್ಲು ಹಾಕಿದರೆ ಕೆಲಸ ಮುಗಿಯಿತು! ನಮ್ಮ ದೇಶದ ನಿಯಮದಂತೆ ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದದ ಇಳಿಜಾರು ಬೇಕು. ಆರಾರು ಇಂಚಿನ ಮೂರು ಮೆಟ್ಟಿಲಿಗೆ ಹದಿನೆಂಟು ಅಡಿ. ಅದಕ್ಕಿಂತ ಕಡಿದಾಗಿದ್ದರೆ ಗಾಲಿಕುರ್ಚಿಯನ್ನು ಇಬ್ಬರು ಗಂಡಸರು ತಳ್ಳಬೇಕು. ಮಳೆಗಾಲದಲ್ಲಂತೂ ನಡೆಯುವವರೂ ಜಾರಿ ಬೀಳುತ್ತಾರೆ. ಹೇಗೋ ಒಳಗೆ ಬಂದವರನ್ನು ಎಲ್ಲಿ ಕೂರಿಸುವುದು? ಸಾಮಾನ್ಯವಾಗಿ ಕೊನೆಯ ಬೆಂಚಿನ ಹಿಂದೆ, ಬಾಗಿಲ ಹತ್ತಿರ. ಪರಮಪ್ರಸಾದವನ್ನು ಗುರುಗಳೇ ತಂದುಕೊಡುತ್ತಾರೆ ನಿಜ. ಆದರೆ ಎಲ್ಲರ ಜೊತೆ ಸಾಲಿನಲ್ಲಿ ಮುಂದೆ ಹೋಗಬೇಕೆಂಬ ಆಸೆ ಅವರಿಗೆ ಇದೆಯೋ ಎಂದು ವಿಚಾರಿಸಿದವರು ವಿರಳ. ವಾಚನ ಓದಲು ಪೀಠದ ಬಳಿಗೆ ಹತ್ತುವ ಮಾತಂತೂ ಬಹುತೇಕ ಕಡೆ ಏಳುವುದೇ ಇಲ್ಲ.

ಮುಂದಿನ ಧರ್ಮಕೇಂದ್ರ ಸಮಿತಿಯ ಸಭೆಯಲ್ಲಿ ಕಟ್ಟಡದ ವಿಷಯ ಬಂದರೆ, ಗುತ್ತಿಗೆದಾರರನ್ನು ಕರೆಸುವ ಮೊದಲು ನಿಮ್ಮ ವಾರ್ಡಿನಲ್ಲಿ ಊರುಗೋಲು ಹಿಡಿದು ನಡೆಯುವವರನ್ನು, ಗಾಲಿಕುರ್ಚಿಯಲ್ಲಿ ಇರುವವರನ್ನು ಕರೆಸಿ. ಸಭೆ ಮಹಡಿಯ ಮೇಲಿದ್ದರೆ ಕೆಳಗೇ ನಡೆಸಿ. ಪಾಪನಿವೇದನೆಯ ಪೀಠದ ಮುಂದೆ ಮೊಣಕಾಲೂರಲು ಆಗದವರು ಎಲ್ಲಿ ಕೂರಬೇಕು, ಕೈಹಿಡಿ ಎಷ್ಟು ಎತ್ತರದಲ್ಲಿರಬೇಕು, ಶೌಚಾಲಯದ ಬಾಗಿಲು ಎಷ್ಟು ಅಗಲ ಬೇಕು ಎಂಬುದೆಲ್ಲ ಅವರಿಗೆ ಚೆನ್ನಾಗಿ ಗೊತ್ತು.